ಬೀಗ ಇದೆ, ಕೀಲಿಕೈ ಯಾರ ಹತ್ರ?

ಕೋಮುವಾದದ ಮಾತು ಬಂದ್ರೆ ಸಾಕು, ನಮ್ಮ ಚರ್ಚೆ ಸೀದಾ ಸಂವಿಧಾನದ ಪೀಠಿಕೆಗೆ ಹೋಗಿ ನಿಲ್ಲುತ್ತೆ. 1976ರಲ್ಲಿ 42ನೇ ತಿದ್ದುಪಡಿಯಲ್ಲಿ ಸೇರಿಸಿದ 'ಜಾತ್ಯತೀತ' ಅನ್ನೋ ಪದ ಇರಲೇಬೇಕು ಅಂತ ಒಬ್ಬರು, ಕಿತ್ತುಹಾಕಿ ಅಂತ ಇನ್ನೊಬ್ಬರು. ಅಲ್ಲ ಸ್ವಾಮಿ, ಆ ಪದ ಇದ್ದಾಗಲೇ ಅಲ್ವೇ 1984ರ ದಿಲ್ಲಿ, 2002ರ ಗುಜರಾತ್ ಆಗಿದ್ದು? ನಮ್ಮ ಎಸ್.ಆರ್. ಬೊಮ್ಮಾಯಿ ಹೆಸರಿನ ಕೇಸಲ್ಲಿ ಸುಪ್ರೀಂ ಕೋರ್ಟು 1994ರಲ್ಲೇ ಜಾತ್ಯತೀತತೆ ಸಂವಿಧಾನದ ಮೂಲ ರಚನೆ ಅಂದಿದೆ. ಪದ ತೆಗೆದ್ರೂ ತತ್ವ ಹೋಗಲ್ಲ. ಪದ ಇದ್ದ ಮಾತ್ರಕ್ಕೆ ಬೆಂಕಿ ಹಚ್ಚೋನ ಕೈಯೂ ನಿಲ್ಲಲ್ಲ.

ರಿಪೇರಿ ಆಗಬೇಕಾದ ಜಾಗವೇ ಬೇರೆ. ಧರ್ಮಗಳ ನಡುವೆ ದ್ವೇಷ ಬಿತ್ತಿದರೆ ಮೂರು ವರ್ಷದವರೆಗೆ ಜೈಲು ಅಂತ ಕಾನೂನಿದೆ. ಹಳೇ ಐಪಿಸಿಯಲ್ಲಿ 153ಎ ಆಗಿದ್ದದ್ದು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 196. ಆದರೆ ಕೋರ್ಟು ಈ ಕೇಸು ಕೈಗೆತ್ತಿಕೊಳ್ಳೋಕೆ ಸರ್ಕಾರದ ಪೂರ್ವಾನುಮತಿ ಬೇಕು! ಬ್ರಿಟಿಷರ ಕಾಲದಿಂದ ಬಂದ ಈ ನಿಯಮ ಹೊಸ ಸಂಹಿತೆಯಲ್ಲೂ ಭದ್ರವಾಗಿ ಕೂತಿದೆ. ಅಂದ್ರೆ ಭಾಷಣ ಬಿಗಿದೋನು ನಮ್ಮೋನಾದ್ರೆ ಫೈಲು ನಿದ್ದೆ ಮಾಡುತ್ತೆ, ಅವರೋನಾದ್ರೆ ಓಡುತ್ತೆ.

ಕೇಸು ನಡೀತಿದ್ರೂ ವಾಪಸ್ ತಗೊಳ್ಳೋ ದಾರಿ ಇದ್ದೇ ಇದೆ. ನಮ್ಮ ರಾಜ್ಯವನ್ನೇ ನೋಡಿ. 2015ರಲ್ಲಿ ಕಾಂಗ್ರೆಸ್ ಸರ್ಕಾರ ಪಿಎಫ್‌ಐ, ಕೆಎಫ್‌ಡಿ ಕಾರ್ಯಕರ್ತರ ಮೇಲಿನ ಕೇಸುಗಳನ್ನ ಕೈಬಿಡೋಕೆ ಹೊರಟಿತು. 2020ರಲ್ಲಿ ಬಿಜೆಪಿ ಸರ್ಕಾರ ತನ್ನ ಶಾಸಕ, ಸಂಸದರ ಕೇಸುಗಳಿಗೆ ಅದೇ ಮಾಡಿತು, ಹೈಕೋರ್ಟು ತಡೆ ಕೊಟ್ಟಿತು. 2022ರ ಹುಬ್ಬಳ್ಳಿ ಗಲಭೆ ಕೇಸನ್ನ 2024ರಲ್ಲಿ ಮತ್ತೆ ಕಾಂಗ್ರೆಸ್ ಸರ್ಕಾರ ಹಿಂಪಡೆಯೋಕೆ ಆದೇಶಿಸಿತು, 2025ರಲ್ಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಬಣ್ಣ ಬೇರೆ, ಬುದ್ಧಿ ಒಂದೇ.

ಹಾಗಾಗಿ ಸಂವಿಧಾನ ತಿದ್ದೋದೇ ಆದ್ರೆ ಹೀಗೆ ತಿದ್ದಿ. ಅನುಮತಿ ಕೊಡೋದು, ಕೇಸು ವಾಪಸ್ ಪಡೆಯೋದು ಎರಡನ್ನೂ ಮಂತ್ರಿಗಳ ಕೈಯಿಂದ ಕಿತ್ತು ಸ್ವತಂತ್ರ ಆಯೋಗಕ್ಕೆ ಕೊಡಿ. ಮಹಾಲೇಖಪಾಲರಿಗೆ 148ನೇ ವಿಧಿ ಕೊಟ್ಟಿರೋ ಥರದ ರಕ್ಷಣೆ ಅದಕ್ಕಿರಲಿ. 90 ದಿನದೊಳಗೆ ತೀರ್ಮಾನ, ಕಾರಣ ಬರವಣಿಗೆಯಲ್ಲಿ.

ಅನುಮತಿಯ ಜರಡಿ ಇಲ್ಲದಿದ್ರೆ ಕಂಡಕಂಡವರು ಕತೆ ಬರೆದೋರ ಮೇಲೂ ಕೇಸು ಜಡೀತಾರೆ ಅಂತೀರಾ? ನಿಜ. ಜರಡಿ ಇರಲಿ, ಅದನ್ನ ಹಿಡಿಯೋ ಕೈ ಮಾತ್ರ ವೋಟು ಎಣಿಸೋ ಕೈ ಆಗೋದು ಬೇಡ.

ಮುಂದಿನ ಸಲ ವೋಟು ಕೇಳೋಕೆ ಬಂದೋರಿಗೆ ಪೀಠಿಕೆಯ ಪ್ರಶ್ನೆ ಕೇಳಬೇಡಿ. ಕೀಲಿಕೈ ಬಿಟ್ಟುಕೊಡ್ತೀರಾ ಅಂತ ಕೇಳಿ. ಏನಂತೀರಿ?