ಹೋಗೋ ಮುಂಚಿನ ದಿನ ಕಂಡ ರಾಯಚೂರು

(1/6)
ದೋಸ್ತರೇ, ಬಿಕಾಂ ಕೊನೆಯ ಪರೀಕ್ಷೆ ಮುಗೀತು. ನಾಳೆ ರಾತ್ರಿ ನನ್ನ ರೈಲು ಬೆಂಗಳೂರಿಗೆ. ಮೂರು ವರ್ಷ ಮಲ್ಲಟದಿಂದ ದಿನಾ ಬಸ್ಸಿನಲ್ಲಿ ಬಂದು ಹೋದ ರಾಯಚೂರನ್ನ ಇವತ್ತು ಮೊದಲ ಸಲ ಸುತ್ತಾಡಿ ನೋಡಿದೆ. ಖುಷಿಗಿಂತ ನಾಚಿಕೆ ಜಾಸ್ತಿ ಆಯ್ತು. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಅದ, ಓದ್ರಿ.

(2/6)
ಮೊದಲನೇ ಫೋಟೋ ಒಗ್ಗರಣಿ-ಮಿರ್ಚಿ. ಮಂಡಾಳ ಒಗ್ಗರಣಿ, ಮ್ಯಾಲೆ ಪುಟಾಣಿ ಪುಡಿ, ಬಿಸಿ ಮಿರ್ಚಿ. ಮೂರು ವರ್ಷ ಇದನ್ನ ನಿಂತ್ಕೊಂಡೇ ತಿಂದೀನಿ, ಒಂದು ಕಣ್ಣು ಪ್ಲೇಟಿನ ಮ್ಯಾಲೆ, ಇನ್ನೊಂದು ಬಸ್ಸಿನ ಮ್ಯಾಲೆ. ಇವತ್ತು ಕೂತು ತಿಂದೆ. ಅದೇ ಒಗ್ಗರಣಿ, ಆದ್ರೆ ಮಿರ್ಚಿ ಇಷ್ಟು ಖಾರ ಅಂತ ಇವತ್ತೇ ಗೊತ್ತಾಗಿದ್ದು.

(3/6)
ಆಮೇಲೆ ಕೋಟೆ. ದಿನಾ ಅದರ ಗೋಡೆ ನೋಡ್ಕೊಂಡೇ ಬಸ್ ಹತ್ತಿದ್ದೆ, ಒಳಗೆ ಹೋಗಿರಲಿಲ್ಲ. ಅಲ್ಲಿ 1294ರ ಒಂದು ಶಾಸನದ ಕಲ್ಲು ಅದ. ಒಂದೇ ಕಲ್ಲು, 41 ಅಡಿಗಿಂತ ಉದ್ದ. ಕಾಕತೀಯರ ಕಾಲದ್ದು. ಆ ಕಲ್ಲನ್ನ ಗಾಡಿ ಮ್ಯಾಲೆ ಹಾಕಿ ಜಾನುವಾರುಗಳು ಎಳ್ಕೊಂಡು ಬರೋ ಚಿತ್ರಾನೂ ಅಲ್ಲೇ ಕೆತ್ಯಾರ. ನೋಡಿದ ತಕ್ಷಣ ಕಾರಹುಣ್ಣಿಮೆ ಮುಂಗಾರು ಹಬ್ಬದಾಗ ನಮ್ಮ ಎತ್ತುಗಳು ಕಲ್ಲು ಎಳೆಯೋದು ನೆನಪಾಯ್ತು. ಏಳುನೂರು ವರ್ಷ ಆದ್ರೂ ಈ ಊರು ಕಲ್ಲು ಎಳೆಯೋದು ಬಿಟ್ಟಿಲ್ಲ!

(4/6)
ಏಕ್ ಮಿನಾರ್ ಮಸೀದಿ 1513ರದ್ದು. ಹೆಸರಿಗೆ ತಕ್ಕಂಗ ಒಂದೇ ಮಿನಾರು, ಸುಮಾರು 65 ಅಡಿ. ಅದು ಕಟ್ಟಿ ಏಳು ವರ್ಷಕ್ಕೆ, 1520ರಾಗ, ಕೃಷ್ಣದೇವರಾಯ ಇದೇ ಕೋಟೆಗಾಗಿ ಬಿಜಾಪುರದ ಆದಿಲ್ ಶಾಹನ ಮ್ಯಾಲೆ ಯುದ್ಧ ಮಾಡಿದ. ಕೃಷ್ಣಾ-ತುಂಗಭದ್ರಾ ನಡುವಿನ ಈ ನೆಲಕ್ಕಾಗಿ ರಾಜರು ಹೊಡೆದಾಡ್ಯಾರ. 1871ರಾಗ ಮುಂಬೈ ಕಡೆಯ ರೈಲು ಹಳಿ, ಮದ್ರಾಸ್ ಕಡೆಯ ಹಳಿ ಕೂಡಿದ್ದೂ ಇಲ್ಲೇ. ನಾವು ಮಾತ್ರ ಕ್ಯಾಂಟೀನಿನಾಗ ಕೂತು "ಇಲ್ಲಿ ಏನದ ಲೇ?" ಅಂತೀವಿ. ನಾನೂ ಅಂದೀನಿ.

(5/6)
ಅಕೌಂಟ್ಸ್ ಕ್ಲಾಸಿನಾಗ ಗುಡ್‌ವಿಲ್ ಓದಿದ್ದು ನೆನಪದ? ನಾವೇ ಬೆಳೆಸಿದ ಗುಡ್‌ವಿಲ್ಲನ್ನ ಲೆಕ್ಕಪುಸ್ತಕದಾಗ ತೋರಿಸೋ ಹಂಗಿಲ್ಲ. ವ್ಯವಹಾರ ಮಾರಿದಾಗಷ್ಟೇ ಅದಕ್ಕೊಂದು ಬೆಲೆ. ನಾವು ಊರನ್ನೂ ಹಂಗೇ ಮಾಡೀವಿ, ಬಿಟ್ಟು ಹೋಗೋ ದಿನ ಬೆಲೆ ಕಟ್ತೀವಿ.

ಎಲ್ಲಾ ನಮ್ಮ ಸೋಮಾರಿತನ ಅಂತ ನಾನು ಅನ್ನಲ್ಲ. ಹಳ್ಳಿಯಿಂದ ಬರೋರಿಗೆ ಊರು ಅಂದ್ರೆ ಬಸ್ಸಿನ ಟೈಮು. ಸಂಜೆ ಬಸ್ ತಪ್ಪಿದ್ರೆ ಮನೀಗೆ ಹತ್ತು ಫೋನು, ಹುಡುಗಿ ಆದ್ರೆ ಇಪ್ಪತ್ತು. ಆದ್ರೂ "ಇಲ್ಲಿ ಏನೂ ಇಲ್ಲ" ಅನ್ನೋ ಮಾತು ದುಬಾರಿ. 2022ರಾಗ ರಾಯಚೂರಿಗೆ ಏಮ್ಸ್ ಬೇಕು ಅಂತ ಜನ ಧರಣಿ ಕೂತ್ರು. ನಾನು ಆ ಕಡೆ ಎಷ್ಟೋ ಸಲ ಹೋಗೀನಿ, ಒಂದು ದಿನಾನೂ ಐದು ನಿಮಿಷ ನಿಂತಿಲ್ಲ. ಏನೂ ಇಲ್ಲದ ಊರು ಅಂತ ಅಲ್ಲಿನ ಮಕ್ಕಳೇ ಹೇಳಿದ್ರೆ, ಆ ಊರಿಗೆ ಏನಾದ್ರೂ ಕೊಡ್ರಿ ಅಂತ ಕೇಳೋರು ಯಾರು?

ಕೆಲಸಕ್ಕೆ ಹೋಗೋದು ತಪ್ಪಲ್ಲ. ನಾನೂ ಹೊಂಟೀನಿ. ನೋಡದೇ ಹೋಗೋದು ತಪ್ಪು.

(6/6)
ಕೋಟೆ ಫೋಟೋ ಅವ್ವಗ ಕಳಿಸಿದೆ. "ಇದು ಯಾವ ಊರು?" ಅಂದ್ಳು. ಅವ್ವಗ ರಾಯಚೂರು ಅಂದ್ರೆ ದವಾಖಾನಿ, ಗಂಜು, ಬಸ್ ಸ್ಟ್ಯಾಂಡು. ಐವತ್ತು ವರ್ಷದಾಗ ಅಷ್ಟೇ ನೋಡ್ಯಾಳ.

ಜೂನಿಯರ್ಸ್, ಒಂದೇ ಮಾತು. ಕೊನೆಯ ದಿನಕ್ಕೆ ಇಡಬ್ಯಾಡ್ರಿ. ಮೊದಲನೇ ಸೆಮಿಸ್ಟರಿನಾಗೇ ಒಂದು ಶನಿವಾರ ಕೋಟೆಗೆ ಹೋಗ್ರಿ, ಹತ್ತು ನಿಮಿಷ ಆ ಕಲ್ಲಿನ ಮುಂದೆ ನಿಲ್ರಿ. ನಾನು ಮೊದಲ ರಜಾಕ್ಕೆ ಬಂದಾಗ ಅವ್ವನ್ನ ಕರ್ಕೊಂಡು ಹೋಗ್ತೀನಿ. ಮೊದಲು ಒಗ್ಗರಣಿ, ಕೂತ್ಕೊಂಡು. ಆಮೇಲೆ ಕೋಟೆ.

ನಿಮ್ಮೂರಾಗ ನೀವು ಇನ್ನೂ ನೋಡದ ಜಾಗ ಯಾವುದು? ಕಮೆಂಟಿನಾಗ ಹೇಳ್ರಿ.

#ರಾಯಚೂರು #ಮಲ್ಲಟ #ಒಗ್ಗರಣಿಮಿರ್ಚಿ #ಬಿಕಾಂ