ಹೆದ್ದಾರಿ ಯಾರದು? ಬಾಚಿಗೆ ಹೋಗೋರದಾ, ಕಲ್ಮಲಾದಾಗ ಬಸ್ಸಿಗೆ ಕಾಯೋರದಾ?

1/6
ರಾಯಚೂರಿನ ರಾಜ್ಯ ಹೆದ್ದಾರಿ 20 ಎಲ್ಲಿತನಕ ಹೋಗ್ತದ ಗೊತ್ತಾ ದೋಸ್ತ್ರಾ? ಕಲ್ಮಲಾ, ಸಿರವಾರ, ಲಿಂಗಸುಗೂರು, ಹುನಗುಂದ, ಬಾಗಲಕೋಟೆ, ಬೆಳಗಾವಿ ದಾಟಿ ಬಾಚಿತನಕ. ನಿಮ್ಮೊಳಗ ಬಾಚಿ ನೋಡಿದವರು ಎಷ್ಟು ಮಂದಿ? ನಾನಂತೂ ನೋಡಿಲ್ಲ. ಕಲ್ಮಲಾ ಕ್ರಾಸ್ ಮಾತ್ರ ಎಲ್ಲರೂ ನೋಡೀವಿ. ರಸ್ತೆಗೆ ತುದಿ ಊರಿನ ಹೆಸರು ಇಡ್ತಾರ, ಅದರ ಮ್ಯಾಲೆ ದಿನಾ ಓಡಾಡೋರು ನಡುವಿನ ಊರಿನವರು.

2/6
ಕಲ್ಮಲಾದಾಗ ದಾರಿ ಒಡೀತದ. ಒಂದು ಮಾನ್ವಿ, ಸಿಂಧನೂರಿಗೆ. ಒಂದು ಸಿರವಾರಕ್ಕ. ಇನ್ನೊಂದು ಗಬ್ಬೂರು, ದೇವದುರ್ಗದ ಮ್ಯಾಲಿಂದ ತಿಂಥಣಿ ಬ್ರಿಜ್‌ಗೆ. ಭತ್ತ, ಹತ್ತಿ, ರಿಮ್ಸ್‌ಗೆ ಬರೋ ಪೇಷಂಟ್, ಕಾಲೇಜಿಗೆ ಬರೋ ನಾವು, ಎಲ್ಲಾ ಇದೇ ದಾರಿ.

3/6
ತಿಂಥಣಿ ಬ್ರಿಜ್–ಕಲ್ಮಲಾ ರಸ್ತೆ ಟೋಲ್ ವಿರುದ್ಧ ದೇವದುರ್ಗದ ಜನ ಬೀದಿಗಿಳಿದಾಗ ಕೆಲವರು ನಕ್ಕರು: "ರೋಡ್ ಬೇಕು, ರೊಕ್ಕ ಬ್ಯಾಡಾ?" ಬಿಕಾಂ ಓದೋರು ನಾವು, ಲೆಕ್ಕ ಹಾಕೋಣ. ಟೋಲ್ ಗಾಡಿ ಬಾಡಿಗೆಗೆ ಕೂಡ್ತದ. ಆ ಬಾಡಿಗೆ ಕೊಡೋದು ಹತ್ತಿ ತರೋ ರೈತ. ಎಪಿಎಂಸಿಯಾಗ ರೇಟ್ ಅವನ ಕೈಯಾಗ ಇಲ್ಲ, ಹಂಗಾಗಿ ಖರ್ಚು ಮುಂದಕ್ಕ ದಾಟಿಸಾಕ ಅವನಿಗೆ ಬರಂಗಿಲ್ಲ. ದೂರದ ಲಾರಿಗೆ ಟೋಲ್ ಒಂದು ಸಣ್ಣ ಖರ್ಚು. ಇವನಿಗೆ ಅದು ಉಳಿಕೆಯಿಂದಲೇ ಕಡಿತ.

4/6
ರಸ್ತೆಗೆ ರೊಕ್ಕ ಬೇಕು, ಒಪ್ಪೇನಿ. ಕೆಟ್ಟ ರಸ್ತೆಯಾಗ ಆಂಬುಲೆನ್ಸ್ ಕುಂಟಬಾರದು. ಆದ್ರ ವಸೂಲಿಗೆ ಗೇಟ್, ಲೈಟ್, ಕ್ಯಾಮೆರಾ ಹಾಕಾಕ ಆಗ್ತದ ಅಂದ್ರ, ಕ್ರಾಸಿನಾಗ ನಿಂತ ಹುಡುಗಿಗೆ ನೆರಳು, ದೀಪ ಯಾಕ ಆಗಂಗಿಲ್ಲ?

5/6
2023ರ ಜೂನ್ 11ರಿಂದ ಶಕ್ತಿ ಯೋಜನೆ ಅದ, ಹೆಣ್ಮಕ್ಕಳಿಗೆ ಟಿಕೆಟ್ ಫ್ರೀ. ಛಲೋ ಕೆಲಸ. ಆದ್ರ ಬಸ್ ನಿಲ್ಲದ ಊರಾಗ ಫ್ರೀ ಟಿಕೆಟ್ ತಗೊಂಡು ಏನ್ ಮಾಡೋದು? 371(ಜೆ) ಬಂದು ಹತ್ತು ವರ್ಷದ ಮ್ಯಾಲಾತು. ಸೀಟ್ ಮೀಸಲಿದ್ರೂ ಫಸ್ಟ್ ಪೀರಿಯಡ್‌ಗೆ ಮುಟ್ಟದವರಿಗೆ ಅದು ಅರ್ಧ ಹಕ್ಕು.

6/6
ಡ್ರೋನ್ ರೀಲ್ಸಿಗೆ "ನಮ್ಮ ರಾಯಚೂರು 🔥" ಅಂತ ಹಾಕೋ ಮುಂಚೆ ಒಂದು ಆರ್‌ಟಿಐ ಹಾಕ್ರಿ. ಶುಲ್ಕ 10 ರೂಪಾಯಿ, ಉತ್ತರಕ್ಕ ಗಡುವು 30 ದಿನ. ಎರಡೇ ಪ್ರಶ್ನೆ: ಈ ರಸ್ತೆಯಾಗ ಟೋಲ್ ಎಷ್ಟು ವಸೂಲಾತು? ಬಸ್ ತಂಗುದಾಣ ಎಷ್ಟು ಕಟ್ಟಿದ್ರಿ?
ನಿಮ್ಮೂರ ಸ್ಟಾಪಿನಾಗ ಏನದ, ಏನಿಲ್ಲ? ಕಾಮೆಂಟಿನಾಗ ಬರೀರಿ, ಕೂಡಿಸಿ ಅರ್ಜಿ ಕೊಡೋಣ.

#ರಾಯಚೂರು #ದೇವದುರ್ಗ #ಮಾನ್ವಿ #ನಡುವಿನಊರು