ಕಾಗದದ ಲೋಟದ ಮಡಿ

ಹೋದ ತಿಂಗಳು ನಮ್ಮ ಬೀದಿಯ ನಿವಾಸಿಗಳ ಸಭೆ ಸೇರಿತ್ತು. ಚರ್ಚೆಯ ವಿಷಯ, ನಮ್ಮ ಬೀದಿಯನ್ನು ‘ಹಸಿರು ಬೀದಿ’ಯನ್ನಾಗಿ ಮಾಡುವುದು ಹೇಗೆಂಬುದು. ಬೆಂಗಳೂರಿನಲ್ಲಿ ಇಂಥ ಸಭೆ ಹೊಸತೇನಲ್ಲ. ಮಾತುಗಳೂ ಚೆನ್ನಾಗಿಯೇ ಇದ್ದವು. ಒಬ್ಬರು ತಮ್ಮ ತಾರಸಿಯ ಮೇಲೆ ಹಬ್ಬಿದ ಬಸಳೆಯ ವೈಭವವನ್ನು ವರ್ಣಿಸಿದರು. ಇನ್ನೊಬ್ಬರು ತರಕಾರಿ ಸಿಪ್ಪೆ ಗೊಬ್ಬರವಾಗುವ ಬಗೆಯನ್ನು ವಿವರಿಸಿದರು. ಮತ್ತೊಬ್ಬರು, ಬಟ್ಟೆಯ ಚೀಲವಿಲ್ಲದೆ ಅಂಗಡಿಗೆ ಹೋಗುವವರಿಗೆ ದಂಡ ಹಾಕಬೇಕೆಂದು ಸೂಚಿಸಿ ಚಪ್ಪಾಳೆ ಗಿಟ್ಟಿಸಿದರು. ಕೊನೆಗೆ ಎಲ್ಲರಿಗೂ ಕಾಫಿ ಬಂತು, ಸ್ಟೀಲ್ ಲೋಟಗಳಲ್ಲಿ. ಬಿಸಾಡುವ ಲೋಟ ಪರಿಸರಕ್ಕೆ ಕೇಡು ಎಂದು ಹಿಂದಿನ ಸಭೆಯಲ್ಲೇ ತೀರ್ಮಾನವಾಗಿತ್ತಷ್ಟೆ!

ಗೇಟಿನ ಹೊರಗೆ ನಮ್ಮ ಬೀದಿ ಗುಡಿಸುವ ಇಬ್ಬರು ಹೆಂಗಸರು ಪೊರಕೆ ಒರಗಿಸಿ ಕುಳಿತಿದ್ದರು. ಅವರಿಗೂ ಕಾಫಿ ಹೋಯಿತು. ಕಾಗದದ ಲೋಟದಲ್ಲಿ.

ಲೋಟ ಸಾಲದೆ ಬಂತೇ ಎಂದರೆ ಅದೂ ಅಲ್ಲ. ಮೇಜಿನ ಮೇಲೆ ತೊಳೆದು ಮಗುಚಿಟ್ಟ ಲೋಟಗಳು ಇನ್ನೂ ಏಳೆಂಟು ಇದ್ದವು. ಆದರೂ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಆ ಗಳಿಗೆಯಲ್ಲಿ ನನಗೂ ಎನಿಸಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು: ಪರಿಸರ ಪ್ರೇಮಕ್ಕೂ ಮಡಿಗೂ ಎದುರುಬದುರು ನಿಲ್ಲುವ ಪ್ರಸಂಗ ಬಂದಾಗ, ನಮ್ಮ ಬೀದಿಯಲ್ಲಿ ಗೆದ್ದದ್ದು ಮಡಿ.

ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ಇತ್ತೆಂಬುದನ್ನು ಬಲ್ಲವರು ಬಲ್ಲರು. ‘ಅವರ’ ಲೋಟ ಹೊರಗಿನ ಗೂಡಿನಲ್ಲಿ. ಕುಡಿದವರೇ ತೊಳೆದು ಅಲ್ಲೇ ಇಡಬೇಕು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ಅನುಚ್ಛೇದ 1950ರಲ್ಲಿ ಜಾರಿಗೆ ಬಂತು. 1955ರಲ್ಲಿ ಅದನ್ನು ಅಪರಾಧವೆಂದು ಶಿಕ್ಷಿಸುವ ಕಾಯಿದೆಯೂ ಬಂತು. ಗೂಡಿನಲ್ಲಿಟ್ಟ ಬೇರೆ ಲೋಟ ಪೋಲೀಸಿನವನ ಕಣ್ಣಿಗೆ ಬೀಳಬಹುದು, ನ್ಯಾಯಾಲಯಕ್ಕೆ ಸಾಕ್ಷಿಯಾಗಿ ಬರಬಹುದು. ಆದರೆ ಕುಡಿದು ಮುದುರಿ ಎಸೆಯುವ ಲೋಟವನ್ನು ಹಿಡಿಯುವ ಕಾಯಿದೆ ಯಾವುದು? ಮಡಿವಂತಿಕೆಗೆ ನಮ್ಮ ಕಾಲ ಕೊಟ್ಟ ದೊಡ್ಡ ಉಡುಗೊರೆ ಈ ಲೋಟ. ಅದು ಸಾಕ್ಷಿಯನ್ನು ಉಳಿಸುವುದಿಲ್ಲ. ಕೊಟ್ಟವರ ಮನಸ್ಸಿಗೂ ನೋವಾಗುವುದಿಲ್ಲ.

ಆ ಲೋಟದ ಮುಂದಿನ ಕಥೆಯನ್ನೂ ಕೇಳಿ. ಕರ್ನಾಟಕ ಸರಕಾರ 2016ರ ಮಾರ್ಚಿಯಲ್ಲೇ ಪ್ಲಾಸ್ಟಿಕ್ ಲೋಟ, ತಟ್ಟೆ, ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟಕ್ಕೆ ದೇಶಕ್ಕೆಲ್ಲ ನಿಷೇಧ ಬಂತು. ಅದರ ಜಾಗಕ್ಕೆ ಕಾಗದದ ಲೋಟ ಬಂದು ಕುಳಿತಿತು. ಆದರೆ ಬಿಸಿ ಕಾಫಿ ಸೋರದಿರಲೆಂದು ಸಾಮಾನ್ಯವಾಗಿ ಅದರ ಒಳಮೈಗೂ ಪ್ಲಾಸ್ಟಿಕ್ಕಿನ ತೆಳುಪದರ ಬಳಿದಿರುತ್ತಾರೆ. ಹೀಗಾಗಿ ಅದು ಸಿಪ್ಪೆಯಂತೆ ಗೊಬ್ಬರವಾಗುವುದಿಲ್ಲ, ಹಳೆಯ ಪತ್ರಿಕೆಯಂತೆ ಸುಲಭವಾಗಿ ಮರುಬಳಕೆಯೂ ಆಗುವುದಿಲ್ಲ. ಮರುದಿನ ಬೆಳಿಗ್ಗೆ ಅದು ಚರಂಡಿಯ ಅಂಚಿನಲ್ಲಿ ಬಿದ್ದಿರುತ್ತದೆ. ಅದನ್ನು ಹೆಕ್ಕುವವರು ಯಾರು? ಹಿಂದಿನ ದಿನ ಅದರಲ್ಲಿ ಕಾಫಿ ಕುಡಿದವರೇ. ಅವಮಾನವನ್ನೂ ನಾವೇ ಕೊಟ್ಟು, ಅದರ ಕಸವನ್ನೂ ಅವರ ಕೈಯಲ್ಲೇ ತೆಗೆಸುವ ಈ ವ್ಯವಸ್ಥೆಗೆ ‘ಹಸಿರು ಬೀದಿ’ ಎಂದು ಹೆಸರಿಟ್ಟರೆ ಭಾಷೆಗೂ ಅವಮಾನ.

‘ಇದರಲ್ಲಿ ಜಾತಿಯನ್ನೇಕೆ ಎಳೆದು ತರುತ್ತೀರಿ? ಇದು ಬರಿಯ ಶುಚಿತ್ವದ ಪ್ರಶ್ನೆ’ ಎಂದು ಮಿತ್ರರೊಬ್ಬರು ನನ್ನನ್ನು ಆಕ್ಷೇಪಿಸಿದರು. ಒಳ್ಳೆಯದು; ಶುಚಿತ್ವದ ಮಾತನ್ನೇ ಆಡೋಣ. ಅಂದಿನ ಸಭೆಯಲ್ಲಿ ನೆಗಡಿಯಿಂದ ಮೂಗು ಸೀಟುತ್ತಿದ್ದ ಮಹನೀಯರಿಗೆ ಸ್ಟೀಲ್ ಲೋಟವೇ ಸಿಕ್ಕಿತು. ಶುಚಿತ್ವವೇ ಕಾರಣವಾಗಿದ್ದರೆ ಮೊದಲ ಕಾಗದದ ಲೋಟ ಅವರಿಗೆ ಸಲ್ಲಬೇಕಾಗಿತ್ತು. ಇನ್ನು, ಗುಡಿಸುವವರ ಕೈ ಕೊಳೆಯಾದದ್ದು ಹೇಗೆ? ಹಸಿ ಕಸ, ಒಣ ಕಸ ಬೇರೆಮಾಡಿ ಕೊಡಬೇಕೆಂದು ನಮ್ಮ ಹೈಕೋರ್ಟು 2012ರಲ್ಲೇ ಹೇಳಿತು. 2016ರ ಕೇಂದ್ರ ನಿಯಮಗಳು ಕಸವನ್ನು ಮೂರು ಬಗೆಯಾಗಿ ವಿಂಗಡಿಸಿ, ಮೈಲಿಗೆಯ ಬಟ್ಟೆಬರೆಯಂಥದನ್ನು ಸುತ್ತಿ ಕೊಡಬೇಕೆಂದವು. ನಾವು ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿಟ್ಟೆವು; ಅವರು ಕೈಹಾಕಿ ಬೇರ್ಪಡಿಸಿದರು. ಆ ಕೊಳೆ ನಮ್ಮದು. ನಮ್ಮ ಕೊಳೆ ಅವರ ಕೈಗೆ ಹತ್ತಿದೊಡನೆ ಅದು ಅವರದಾಗಿಬಿಡುವುದು ಯಾವ ಶುಚಿತ್ವ ಶಾಸ್ತ್ರ? ಕೈ ತೊಳೆಯಲು ಒಂದು ನಲ್ಲಿ, ಒಂದು ಸೋಪು ಇಟ್ಟಿದ್ದರೆ ಈ ವಾದ ಮುಗಿಯುತ್ತಿತ್ತು. ಬೀದಿಯ ಅಷ್ಟು ಮನೆಗಳಲ್ಲಿ ಒಂದು ಮನೆಯೂ ಇಟ್ಟಿರಲಿಲ್ಲ. ಬೆಳಗಿನ ಜಾವದಿಂದ ದುಡಿಯುವ ಹೆಂಗಸರು ಶೌಚಕ್ಕೆ ಎಲ್ಲಿ ಹೋಗುತ್ತಾರೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯ ಆಕ್ಷೇಪ: ‘ಇದೆಲ್ಲ ಸರಕಾರದ ಕೆಲಸ.’ ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಹೊರಟಾಗ ಅದು ಇಡೀ ದೇಶ ತಿರುಗಿ ನೋಡಬೇಕಾದ ಸಾಹಸವಾಗಿತ್ತು. ಪೌರಕಾರ್ಮಿಕರ ಬದುಕನ್ನು ಕುರಿತು ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ವರ್ಷಾನುವರ್ಷ ಗುತ್ತಿಗೆಯಲ್ಲಿ ದುಡಿದವರು ಮುಷ್ಕರ ಹೂಡಿ ಹೂಡಿ, ಕೊನೆಗೆ 2025ರ ಮೇ ದಿನದಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಕಾಯಂ ನೇಮಕದ ಪತ್ರ ಪಡೆದರು. ಸರಕಾರದಿಂದ ನೇಮಕದ ಪತ್ರ ಬರಬಹುದು. ಲೋಟ ಬರಬೇಕಾದದ್ದು ನಮ್ಮ ಅಡಿಗೆಮನೆಯಿಂದ.

ಇಷ್ಟಾದರೂ ಸರಕಾರದ ಕೆಲಸವನ್ನು ಕೇಳುವ ಹೊಣೆಯನ್ನಾದರೂ ನಾವು ಹೊತ್ತೆವೇ? ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದಿತು. ಜನ ತಮ್ಮ ಚರಂಡಿ, ಕಸ, ದೀಪಗಳ ವಿಚಾರ ತಾವೇ ಕುಳಿತು ಮಾತಾಡಲಿ ಎಂಬುದು ಅದರ ಆಶಯ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಮ್ಮ ಬಡಾವಣೆಗಳಲ್ಲಿ ಎಷ್ಟು ಮಂದಿಗೆ ನಿದ್ದೆ ಕೆಟ್ಟಿತು? ನೀರಿನ ಟ್ಯಾಂಕರು ಎರಡು ದಿನ ತಡವಾದರೆ ಕೂಗಾಡುವ ನಾವು, ನಮ್ಮ ಪ್ರತಿನಿಧಿಯೇ ಇಲ್ಲದ ವರ್ಷಗಳನ್ನು ಸದ್ದಿಲ್ಲದೆ ನುಂಗಿಕೊಂಡೆವು. ನಮ್ಮ ಕಸವನ್ನು ತಮ್ಮ ಹೊಲದ ಪಕ್ಕದಲ್ಲಿ ಸುರಿಸಿಕೊಂಡ ಮಂಡೂರಿನ ಜನರಿಗೆ ಈ ಸಮಾಧಾನ ಇರಲಿಲ್ಲ. 2014ರಲ್ಲಿ ಅವರು ರಸ್ತೆಗಿಳಿದರು. ಪೌರತ್ವವೆಂದರೇನೆಂದು ಆ ಹಳ್ಳಿಯವರಿಂದ ಕಲಿಯಬೇಕಾದ ಸ್ಥಿತಿ ಪದವೀಧರರ ನಗರದ್ದು.

ಬಸಳೆ ಬೆಳೆಯಬೇಡಿ, ಬಟ್ಟೆಯ ಚೀಲ ಹಿಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ನಾನೂ ಮಾಡುತ್ತೇನೆ. ಆದರೆ ಅವು ಕಷ್ಟವಿಲ್ಲದ ಪುಣ್ಯಗಳು. ಅವುಗಳಿಂದ ನಮ್ಮ ದೊಡ್ಡಸ್ತಿಕೆಗೆ ಕೂದಲೆಳೆಯಷ್ಟೂ ಧಕ್ಕೆಯಿಲ್ಲ. ಮಣ್ಣನ್ನು ಗೌರವಿಸಲು ಕಲಿತವನು ಆ ಮಣ್ಣನ್ನು ಗುಡಿಸುವವರಿಗೆ ಬಹುವಚನ ಬಳಸಲು ಹಿಂಜರಿದರೆ, ಅವನ ಹಸಿರು ಕುಂಡದ ಹಸಿರು.

ಸಭೆಯ ಮರುವಾರ ನಾನು ನಮ್ಮ ಮನೆಯ ಸ್ಟೀಲ್ ಲೋಟದಲ್ಲಿ ಕಾಫಿ ತೆಗೆದುಕೊಂಡು ಗೇಟಿಗೆ ಹೋದೆ. ಅವರಲ್ಲಿ ಹಿರಿಯರು ಲೋಟವನ್ನು ನೋಡಿ, ‘ಇದ್ಯಾಕೆ ಸಾರ್, ಪೇಪರ್ ಲೋಟದಲ್ಲೇ ಕೊಡಿ’ ಎಂದರು. ‘ಪರವಾಗಿಲ್ಲ, ಕುಡೀರಮ್ಮ’ ಎಂದೆ. ಅವರು ತುಟಿಗೆ ತಾಗಿಸದೆ, ಮೇಲಕ್ಕೆತ್ತಿ ಕುಡಿದರು. ಬಳಿಕ ತಮ್ಮ ಬಾಟಲಿಯ ನೀರಿನಿಂದಲೇ ಲೋಟವನ್ನು ತೊಳೆದು, ನನ್ನ ಕೈಗೆ ಕೊಡದೆ ಕಾಂಪೌಂಡಿನ ಗೋಡೆಯ ಮೇಲೆ ಮಗುಚಿಟ್ಟು ಹೋದರು.

ಮಗುಚಿಟ್ಟ ಆ ಲೋಟದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅವರಿಗೆ ಆ ಪಾಠ ಕಲಿಸಲು ನಾವು ತಲೆಮಾರುಗಳನ್ನೇ ತೆಗೆದುಕೊಂಡಿದ್ದೇವೆ. ನನ್ನ ಒಂದು ಲೋಟ ಕಾಫಿಯಿಂದ ಅದು ಅಳಿಸಿಹೋಗುವಂತಿದ್ದರೆ ಕಥೆ ಬಲು ಸುಲಭವಾಗುತ್ತಿತ್ತು. ಮುಂದಿನ ಸಭೆಗೆ ನಾನು ಮೂರು ಸೂಚನೆಗಳನ್ನು ಬರೆದುಕೊಂಡಿದ್ದೇನೆ: ಗೇಟಿನ ಬಳಿ ನಲ್ಲಿ ಮತ್ತು ಸೋಪು, ಬೆಳಗಿನ ಹೊತ್ತು ತೆರೆದಿರುವ ಒಂದು ಶೌಚಾಲಯ, ಎಲ್ಲರಿಗೂ ಒಂದೇ ಲೋಟ. ಬಸಳೆಯ ವಿಚಾರ ಅದಾದ ಮೇಲೆ. ಚಪ್ಪಾಳೆ ಬೀಳಲಾರದೆಂದು ಗೊತ್ತು. ಕೈ ಎತ್ತುವವರು ಇಬ್ಬರಿದ್ದರೆ ಸಾಕು.